ಗೋಡೆಗೆ ಬಂದ ಬಿಕ್ಕಳಿಕೆ

ಮಳೆ ಜೋರಾದರೆ ನಾನು ಇವತ್ತಿಗೂ ಕೂತಲ್ಲಿ ಕೂರಲಾರೆ. ಕೋಲಾರದ ನಮ್ಮ ಮನೆಯ ಮೆಟ್ಟಿಲು ಹತ್ತಿ, ತಾರಸಿಯ ಮೂಲೆಯ ತೂತಿನಲ್ಲಿ ನೀರು ಸುಳಿ ಸುತ್ತಿಕೊಂಡು ಇಳಿಯುತ್ತಿದೆಯೇ ಎಂದು ನೋಡಿ ಬರುತ್ತೇನೆ. ಬಂದು ಸೀರೆ ಹಿಂಡಿಕೊಳ್ಳುವಷ್ಟರಲ್ಲಿ ಮತ್ತೆ ಅನುಮಾನ ಬಂದು ಮತ್ತೆ ಹತ್ತುತ್ತೇನೆ. ಮನೆಯವರಿಗೆ ಇದು ತಮಾಷೆ. "ನೀರು ತಾನಾಗೇ ಇಳಿಯುತ್ತೆ ಕಣೇ, ಅದಕ್ಕೆ ನಿನ್ನ ಅಪ್ಪಣೆ ಬೇಕಿಲ್ಲ" ಅನ್ನುತ್ತಾರೆ. ನಾನೂ ನಗುತ್ತೇನೆ. ನಗುತ್ತಲೇ ಗೋಡೆಯೊಳಗಿನ ಕೊಳವೆಯ ಸದ್ದಿಗೆ ಕಿವಿ ಕೊಟ್ಟಿರುತ್ತೇನೆ. ಸದ್ದು ಬಿಡದೆ ಹರಿಯುವ ಹಾಗಿದ್ದರೆ ಸರಿ. ನಡುನಡುವೆ ಗುಳುಕ್ ಎಂದರೆ ಮಾತ್ರ ನಗು ಬಿಟ್ಟು ಎದ್ದು ನಿಲ್ಲುತ್ತೇನೆ. ತಲೆಯ ಮೇಲಿನ ಚಾವಣಿಯನ್ನು ನೋಡುತ್ತೇನೆ, ಕೆಳಗೆ ಯಾರು ಕೂತಿದ್ದಾರೆ ಎಂದು ನೋಡುತ್ತೇನೆ.

ಎಲ್ಲರೂ ಇದ್ದಾರೆ ಅಂತ ಗೊತ್ತಾದ ಮೇಲೆ ಬರುವ ನೆಮ್ಮದಿ ಎಷ್ಟು ದೊಡ್ಡದು ಎಂದು ಹೇಳಬೇಕಾದರೆ ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಮಧ್ಯಾಹ್ನಕ್ಕೆ ಹೋಗಬೇಕು. ಅದಕ್ಕೂ ಮೊದಲು ನಮ್ಮಮ್ಮನ ಸೀಮೆಎಣ್ಣೆ ಆಲಿಕೆಯ ವಿಷಯ ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ಮಾಲೂರು ತಾಲ್ಲೂಕಿನ ಲಕ್ಕೂರು ಕಡೆಯ ಒಂದು ಹಳ್ಳಿಯಲ್ಲಿ. ಎಪ್ಪತ್ತರ ದಶಕದಲ್ಲಿ ನಮ್ಮೂರಿಗೆ ಕರೆಂಟ್ ಬಂದಿತ್ತು, ಆದರೆ ಇರುತ್ತಿರಲಿಲ್ಲ. ಸಾಯಂಕಾಲವಾದರೆ ಅಮ್ಮ ಡಬ್ಬದಿಂದ ಬಾಟಲಿಗೆ ಸೀಮೆಎಣ್ಣೆ ಸುರಿಯುತ್ತಿದ್ದಳು. ಆಲಿಕೆ ಹಿಡಿಯುವ ಕೆಲಸ ನಮ್ಮಿಬ್ಬರದು, ಅಕ್ಕನದು ಮತ್ತು ನನ್ನದು. ಬಾಟಲಿಯ ಕಂಠಕ್ಕೆ ಆಲಿಕೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಎಣ್ಣೆ ಚೆಲ್ಲುವುದಿಲ್ಲ ಎಂಬುದು ನಮ್ಮ ಎಣಿಕೆ. ಒತ್ತಿ ಹಿಡಿದರೆ ಎಣ್ಣೆ ಕೆಳಗೆ ಇಳಿಯದೆ ಆಲಿಕೆಯಲ್ಲೇ ತುಂಬಿ ನಿಲ್ಲುತ್ತಿತ್ತು. ಒಂದು ಗುಳ್ಳೆ ಗುಳುಕ್ ಎಂದು ಮೇಲೆ ಬರುವುದು, ಒಂದು ಗುಟುಕು ಎಣ್ಣೆ ಇಳಿಯುವುದು, ಮತ್ತೆ ನಿಲ್ಲುವುದು. "ಎತ್ರೇ ಸ್ವಲ್ಪ, ಬಾಟಲಿಗೆ ಉಸಿರಾಡೋಕೆ ಬಿಡ್ರೇ" ಎಂದು ಅಮ್ಮ ಬೈಯುತ್ತಿದ್ದಳು. ಕೂದಲೆಳೆಯಷ್ಟು ಎತ್ತಿದರೆ ಸಾಕು, ಎಣ್ಣೆ ಸರ್ರನೆ ಇಳಿದುಹೋಗುತ್ತಿತ್ತು. ಇದನ್ನು ಅಷ್ಟೊಂದು ಸಲ ಮಾಡಿದ್ದರೂ, ಆಮೇಲೆ ಕೋಲಾರದ ಕಾಲೇಜಿನಲ್ಲಿ ಗಾಳಿಯ ಒತ್ತಡದ ಪಾಠ ಕೇಳುವಾಗ ಈ ಆಲಿಕೆ ನನಗೆ ನೆನಪೇ ಆಗಲಿಲ್ಲ. ಮನೆಯದು ಮನೆಯಲ್ಲಿ, ಕಾಲೇಜಿನದು ಕಾಲೇಜಿನಲ್ಲಿ ಇತ್ತು.

ಅಕ್ಕ ನನಗಿಂತ ದೊಡ್ಡವಳು, ನನಗಿಂತ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತಿದ್ದಳು. ಲಾರಿ ಹಾರ್ನ್ ಮಾಡಿದರೆ ರಸ್ತೆ ಬಿಟ್ಟು ಹೊಲಕ್ಕೇ ಇಳಿಯುತ್ತಿದ್ದಳು. ಅವಳನ್ನು ಕೊಟ್ಟದ್ದು ಮುಳಬಾಗಿಲು ತಾಲ್ಲೂಕಿನ ತಾಯಲೂರು ಕಡೆಗೆ. ಆ ಮನೆಯಲ್ಲಿ ಒಳಗೆ ಕನ್ನಡ, ಜಗಲಿಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ಅಕ್ಕನ ಅತ್ತೆ ಗಟ್ಟಿ ಹೆಂಗಸು. ಗಂಡ ಹೋದಮೇಲೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಮಗ, ಎಲ್ಲವನ್ನೂ ಒಬ್ಬರೇ ದಡ ಸೇರಿಸಿದವರು. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಸೊಸೆಯ ಪುಕ್ಕಲುತನ ಅವರಿಗೆ ದಿನದ ಮನರಂಜನೆ. "ಇವಳನ್ನ ಹುಳದ ಮನೇಗೆ ಕಳಿಸಿದ್ರೆ ಹುಳಕ್ಕೇ ಭಯ ಹಿಡೀತದೆ" ಅನ್ನುತ್ತಿದ್ದರು. ಅಕ್ಕ ಸೊಪ್ಪು ಕತ್ತರಿಸುತ್ತಲೇ ಇರುತ್ತಿದ್ದಳು.

ಭಾವನಿಗೆ ಹೊಸದೇನಾದರೂ ಮಾಡಿ ನೋಡುವ ಹುಚ್ಚು. ಹಳೆಯ ಮನೆಯ ಬೆನ್ನಿಗೇ ಹುಳು ಸಾಕಲು ಹೊಸ ಮನೆ ಕಟ್ಟಿಸಿದರು. ಕಲ್ಲಿನ ಗೋಡೆ, ಕಲ್ಲಿನ ತೊಲೆ, ತೊಲೆಯ ಮೇಲೆ ಸಾಲಾಗಿ ಹಾಸಿದ ಕಲ್ಲು ಚಪ್ಪಡಿ, ಅದರ ಮೇಲೆ ಮಣ್ಣು ಮತ್ತು ಗಾರೆ. ಚಪ್ಪಡಿ ನಮ್ಮ ಮಾಲೂರು ಕಡೆಯಿಂದ ಲಾರಿಯಲ್ಲಿ ಬಂದದ್ದು. ಅದನ್ನು ಇಳಿಸುವಾಗ ಅತ್ತೆ ನಮ್ಮಮ್ಮನ ಮುಂದೆಯೇ, "ನಿಮ್ಮೂರ ಕಲ್ಲಾದ್ರೂ ಗಟ್ಟಿಯಾಗಿದ್ರೆ ಸಾಕಮ್ಮಾ" ಎಂದು ಅಕ್ಕನ ಕಡೆ ನೋಡಿದ್ದರು.

ಆ ಊರಿನ ಬಾವಿ ನೀರು ಉಪ್ಪು. ಬೇಳೆ ಬೇಯುತ್ತಿರಲಿಲ್ಲ. ಅದಕ್ಕೆಂದು ಭಾವ ಹುಳದ ಮನೆಯಲ್ಲಿ ಸೊಪ್ಪು ಇಡುವ ಕೋಣೆಯ ಕೆಳಗೆ ಸಂಪು ಕಟ್ಟಿಸಿ, ಮೇಲೆ ಕಲ್ಲು ಮುಚ್ಚಿ ಗಾರೆ ಹಾಕಿಸಿ, ನೀರೆತ್ತಲು ಕೈಪಂಪು ಕೂರಿಸಿದರು. ಮಳೆನೀರು ಒಂದು ಹನಿಯೂ ಪೋಲಾಗಬಾರದೆಂದು ಹಳೆಯ ಮನೆಯ ಮಾಡಿನ ನೀರೂ ಹೊಸ ತಾರಸಿಯ ಮೇಲೆ ಬೀಳುವ ಹಾಗೆ ಮಾಡಿದರು. ತಾರಸಿಯ ಸುತ್ತ ಗಿಡ್ಡ ಗೋಡೆ. ರಾಗಿ, ಅವರೆ ಒಣಗಿಸಲು ಅದು ಅನುಕೂಲ. ಇಳಿಜಾರಿನ ಮೂಲೆಯಲ್ಲಿ ಒಂದೇ ಒಂದು ತೂತು. ಅಲ್ಲಿಂದ ಗೋಡೆಯೊಳಗೆ ನೆಟ್ಟಗೆ ಇಳಿಯುವ ಸಣ್ಣ ಕಬ್ಬಿಣದ ಕೊಳವೆ ಸಂಪಿಗೆ ಸೇರುತ್ತಿತ್ತು. ಸಂಪಿನಿಂದ ಇನ್ನೊಂದು ಕೊಳವೆ ಹಿತ್ತಲಿನ ಕಡೆ ಬುನಾದಿಯಿಂದ ಹೊರಬಂದು ಮೇಲಕ್ಕೆ ಬಾಗಿ ನಿಂತಿತ್ತು. ಶ್ರೀನಿವಾಸಪುರದಿಂದ ಬಂದಿದ್ದ ಮೇಸ್ತ್ರಿ ಅದನ್ನು ಗಾಳಿ ಆಡಲಿ ಎಂದು ಇಟ್ಟು ಹೋಗಿದ್ದ. ಮನೆಯವರು ಅದಕ್ಕೆ ಕರು ಕಟ್ಟುತ್ತಿದ್ದರು.

ಮೊದಲ ಮಳೆಗಾಲ ಎಲ್ಲವೂ ಚೆನ್ನಾಗಿಯೇ ನಡೆಯಿತು. ಸಂಪಿನ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಮರುವರ್ಷ ನೊಣ ಬಂತು.

ಊಜಿ ನೊಣ ಎಂದರೆ ಈಗಿನವರಿಗೆ ಏನೂ ಅನ್ನಿಸದಿರಬಹುದು. ಆಗ ಆ ಹೆಸರನ್ನು ಹುಳದ ಮನೆಯ ಹತ್ತಿರ ಹೇಳುವುದಕ್ಕೂ ಹೆದರುತ್ತಿದ್ದರು. ಎಲ್ಲಿಂದಲೋ ಹೊಸದಾಗಿ ನಮ್ಮ ಸೀಮೆಗೆ ಬಂದ ನೊಣ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಆ ಮೊಟ್ಟೆಯ ಮರಿ ಹುಳುವನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. ಹುಳು ಗೂಡು ಕಟ್ಟಿದರೂ ಗೂಡಿಗೆ ತೂತು. ಊರಿನವರೆಲ್ಲ ಹುಳದ ಮನೆಯ ಕಿಟಕಿಗಳಿಗೆ ಬಲೆ ಹೊಡೆದರು, ಬಾಗಿಲಿಗೆ ಎರಡೆರಡು ಪರದೆ ಕಟ್ಟಿದರು, ಗೋಡೆಯ ಸಂದುಗಳಿಗೆ ಜೇಡಿಮಣ್ಣು ಮೆತ್ತಿದರು. ಒಬ್ಬರ ಮನೆಯಲ್ಲಿ ಒಂದು ತೂತು ಉಳಿದರೆ ಪಕ್ಕದ ಮನೆಯವರು ಬಂದು ಜಗಳ ತೆಗೆಯುತ್ತಿದ್ದರು. ಅತ್ತೆ ಬೀಗದ ಕೈ ತೂರಿಸುವ ಕಂಡಿಗೂ ಹತ್ತಿ ತುರುಕಿದ್ದರು. ಒಳಗೆ ಬರುವವರು ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಲ್ಲಬೇಕು. ಅತ್ತೆ ಪೊರಕೆಯಿಂದ ಬೆನ್ನು ಬಡಿದ ಮೇಲೆಯೇ ಒಳಗೆ ಹೋಗಲು ಅಪ್ಪಣೆ. ಬೀಗರಾದ ನಮ್ಮಪ್ಪನಿಗೂ ಆ ಮರ್ಯಾದೆ ತಪ್ಪಲಿಲ್ಲ.

ಹಾಗೆ ಊರೆಲ್ಲ ತೂತು ಮುಚ್ಚುವ ದಿನಗಳಲ್ಲೇ ಭಾವನ ಕಣ್ಣು ಹಿತ್ತಲಿನ ಬಾಗಿದ ಕೊಳವೆಯ ಮೇಲೆ ಬಿತ್ತು. ನೊಣ ಅದರಲ್ಲಿ ಇಳಿದು, ಸಂಪಿಗೆ ಬಂದು, ಕೈಪಂಪಿನ ಬುಡದ ಸಂದಿನಿಂದ ಸೊಪ್ಪಿನ ಕೋಣೆಗೆ ಹತ್ತಿದರೆ? ಹಸಿ ಗೋಣಿಚೀಲವನ್ನು ಸುತ್ತಿ ಕೊಳವೆಯೊಳಗೆ ಹಾರೆಯಿಂದ ಜಡಿದು, ಬಾಯಿಗೆ ಜೇಡಿಮಣ್ಣು ತುಂಬಿದರು. ಪಂಪಿನ ಬುಡಕ್ಕೂ ಮೆತ್ತಿದರು. ಅತ್ತೆ ಮೇಲೆ ಸಗಣಿ ಸಾರಿಸಿ, "ಈಗ ಬರ್ಲಿ ಮುಂಡೇದು" ಅಂದರು. ಆ ಊರಿನಲ್ಲಿ ಆ ವರ್ಷ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು.

ಅದಾದ ಮೇಲೆ ಬಂದ ಸಣ್ಣಪುಟ್ಟ ಮಳೆಗಳಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ. ಸಣ್ಣ ಮಳೆಯ ನೀರು ಕೊಳವೆಯ ಒಳಮೈಗೆ ಅಂಟಿಕೊಂಡು ತೆಳ್ಳಗೆ ಇಳಿಯುತ್ತದೆ, ನಡುವಿನ ಖಾಲಿ ಜಾಗದಲ್ಲಿ ಸಂಪಿನ ಗಾಳಿ ಮೇಲೆ ಹತ್ತಿ ಹೋಗುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡಿದ ಹಾಗೆ. ಸಂಪು ಮುಕ್ಕಾಲು ತುಂಬಿತ್ತು.

ಆ ಮಧ್ಯಾಹ್ನ ಗೂಡು ಬಿಡಿಸುವ ದಿನ. ನಾನು ಬಿ.ಎಸ್ಸಿ. ಪರೀಕ್ಷೆ ಮುಗಿಸಿ, ಅಕ್ಕನ ಮನೆಗೆ ಕೈನೆರವಿಗೆಂದು ಹೋಗಿದ್ದೆ. ಹುಳುಗಳು ಬಲಿತು ಹಣ್ಣಾಗಿ ಚಂದ್ರಿಕೆಗೆ ಹತ್ತಿ ಗೂಡು ಕಟ್ಟಿ ಮುಗಿಸಿದ್ದವು. ಚಂದ್ರಿಕೆ ಎಂದರೆ ಬಿದಿರಿನ ಚಾಪೆಯ ಮೇಲೆ ಸುರುಳಿ ಸುತ್ತಿದ ಬಿದಿರಿನ ಪಟ್ಟಿ. ಆ ಸುರುಳಿಯ ಸಂದುಗಳಲ್ಲಿ ಗೂಡುಗಳು ಒತ್ತಾಗಿ ಕೂತಿರುತ್ತವೆ. ಅಕ್ಕಪಕ್ಕದ ಮನೆಯ ಹೆಂಗಸರು ಮುಯ್ಯಿಗೆ ಬಂದಿದ್ದರು. ಇವತ್ತು ನಮ್ಮ ಮನೆಯಲ್ಲಿ ಅವರು, ನಾಳೆ ಅವರ ಮನೆಯಲ್ಲಿ ನಾವು. ಎಲ್ಲರೂ ಚಂದ್ರಿಕೆಗಳನ್ನು ಮುಂದಿಟ್ಟುಕೊಂಡು ನೆಲದಲ್ಲಿ ಕೂತು ಗೂಡು ಕೀಳುತ್ತಿದ್ದರು. ಬಿಡಿಸಿದ ಗೂಡನ್ನು ಮಂಕರಿಗಳಲ್ಲಿ ತುಂಬಿ ಹೊರಗಿನ ಜಗಲಿಯಲ್ಲಿ ಸಾಲಾಗಿ ಇಟ್ಟು ಬಿಳಿ ಬಟ್ಟೆ ಮುಚ್ಚಿದ್ದೆವು. ಅತ್ತೆ ತಮ್ಮ ಯಾವತ್ತಿನ ಜಾಗದಲ್ಲಿ, ಸೊಪ್ಪಿನ ಕೋಣೆಯ ಬಾಗಿಲ ಪಕ್ಕದ ತಂಪು ಮೂಲೆಯಲ್ಲಿ ಕೂತಿದ್ದರು. ತಾರಸಿಯ ಇಳಿಜಾರಿನ ಮೂಲೆ ಅದರ ನೇರಕ್ಕೇ ಮೇಲಿತ್ತು.

ಉತ್ತರೆ ಮಳೆ. ಬೆಳಗಿನಿಂದ ಮೋಡ ಕಟ್ಟಿ, ಊಟದ ಹೊತ್ತು ದಾಟಿದ ಮೇಲೆ ಒಂದೇ ಸಲ ಸುರಿಯಿತು. ಮಾತು ಕೇಳಿಸಲಾರದಷ್ಟು ಸದ್ದು. ಹಳೆಯ ಮನೆಯ ಮಾಡಿನಿಂದ ತಾರಸಿಗೆ ನೀರು ಬೀಳುವುದು ಬೇರೆ ಧಬಧಬ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮೂಲೆಯ ಗೋಡೆಯೊಳಗಿನಿಂದ ಗುಳುಕ್ ಎಂದಿತು. ನಿಂತಿತು. ಮತ್ತೆ ಗುಳುಕ್.

ಪಕ್ಕದ ಮನೆಯ ಹೆಂಗಸು, ತೆಲುಗು ಮಿಶ್ರ ಮಾಡಿ ನಗಿಸುವವಳು, ಗೂಡು ಕೀಳುವುದು ನಿಲ್ಲಿಸಿ, "ಏಮ್ಮಾ, ನಿಮ್ಮ ಗೋಡೆಗೆ ಬಿಕ್ಕಳಿಕೆ ಬಂದದಲ್ಲಾ!" ಅಂದಳು.

"ಯಾರೋ ನೆನೆಸ್ಕೊಂತಾ ಅವ್ರೆ" ಅಂದಳು ಇನ್ನೊಬ್ಬಳು.

"ಗೋಡೇನ ಯಾರೇ ನೆನೆಸ್ಕೊಂತಾರೆ?"

"ಮೇಸ್ತ್ರಿ ನೆನೆಸ್ಕೊಂತಾನೆ. ಅವನಿಗೆ ಇಲ್ಲಿನ ಊಟ ಇನ್ನೂ ನಾಲಿಗೆ ಮೇಲದೆ."

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಅಕ್ಕ ಮಾತ್ರ ಕೈ ನಿಲ್ಲಿಸಿ ಚಾವಣಿ ನೋಡುತ್ತಿದ್ದಳು. ಬಿಕ್ಕಳಿಕೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ಅಪರೂಪವಾಯಿತು. ಅಷ್ಟರಲ್ಲಿ ಎರಡು ಚಪ್ಪಡಿಗಳ ಕೂಡು ಜಾಗದಿಂದ ಒಂದು ಹನಿ ಅತ್ತೆಯ ಚಂದ್ರಿಕೆಯ ಮೇಲೆ ಬಿತ್ತು.

"ತೂತಿಗೆ ಸೊಪ್ಪು ಕಟ್ಕೊಂಡಿರ್ಬೇಕು. ಬಾಮ್ಮಾ ಬಿಎಸ್ಸಿ, ಏಣಿ ಹಿಡ್ಕೋ ಬಾ" ಎಂದು ಭಾವ ಎದ್ದರು. ನನ್ನನ್ನು ಹಾಗೇ ಕರೆಯುತ್ತಿದ್ದರು.

ಏಣಿ ಹಿಡಿಯಲು ಹೋದವಳು ನಾನೂ ಹಿಂದೆಯೇ ಹತ್ತಿದೆ. ಮೇಲೆ ಹೋಗಿ ನೋಡಿದರೆ ತಾರಸಿ ನೀರಿನ ಕುಂಟೆಯ ಹಾಗೆ ತುಂಬಿತ್ತು. ಈ ಬದಿಯಲ್ಲಿ ಪಾದ ಮುಳುಗುವಷ್ಟು, ಮೂಲೆಯ ಕಡೆ ಹೋದಂತೆ ಕಣಕಾಲು ಮುಳುಗಿ ಇನ್ನೂ ಮೇಲೆ. ಆ ನೀರಿನ ಮೇಲೆ ಮಳೆ ಕುದಿಯುತ್ತಿತ್ತು. ಈಗ ಯೋಚಿಸಿದರೆ ಮೈ ನಡುಗುವುದು ಇದಕ್ಕೇ: ಆ ಭಾರವೆಲ್ಲ ಸಾಲದು ಎಂಬಂತೆ ನಾವಿಬ್ಬರೂ ಅದರ ಮೇಲೆ ನಡೆದು ಹೋದೆವು. ಕೆಳಗೆ ಹೆಂಗಸರೆಲ್ಲ ಕೂತಿದ್ದರು. ಕನಸಿನಲ್ಲಿ ಎಷ್ಟೋ ಸಲ ನಾನು ಅಲ್ಲಿ ಹೆಜ್ಜೆ ಇಡುತ್ತೇನೆ, ಇಡಬೇಡ ಎಂದು ನನಗೆ ನಾನೇ ಕೂಗುತ್ತೇನೆ, ಆದರೂ ಕಾಲು ಮುಂದಕ್ಕೇ ಹೋಗುತ್ತದೆ.

ಭಾವ ಹುಣಸೆ ಬಡಿಯುವ ತೆಳ್ಳನೆಯ ಉದ್ದ ಗಳವನ್ನು ತೂತಿಗೆ ಇಳಿಸಿದರು. ಅದು ತಡೆಯಿಲ್ಲದೆ ಕೆಳಗಿನವರೆಗೂ ಹೋಯಿತು. ಎಳೆದು ಮತ್ತೆ ಇಳಿಸಿದರು.

"ಏನೂ ಇಲ್ಲ ಕಣಮ್ಮಾ ಇದರೊಳಗೆ. ಗಳ ಪೂರಾ ಹೋಗ್ತದೆ, ನೀರು ಹೋಗಲ್ಲ ಅಂತದೆ!"

ನಾನು ಬಗ್ಗಿ ನೀರಿನೊಳಗೆ ಕೈ ಹಾಕಿ ತೂತನ್ನು ಮುಟ್ಟಿದೆ. ಎಲೆಯಿಲ್ಲ, ಕಸವಿಲ್ಲ. ನೀರು ಒಳಗೆ ಎಳೆಯುತ್ತಲೂ ಇಲ್ಲ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಳಗಿನಿಂದ ಏನೋ ಬಂದು ನನ್ನ ಅಂಗೈಯನ್ನು ಮೆತ್ತಗೆ ಮೇಲಕ್ಕೆ ತಳ್ಳಿತು. ಬೆರಳ ಸಂದಿನಿಂದ ದೊಡ್ಡ ಗುಳ್ಳೆ ನುಸುಳಿ ನೀರಿನ ಮೇಲೆ ಬಂದು ಒಡೆಯಿತು. ಗುಳುಕ್. ಆ ಸದ್ದು ನನಗೆ ಗೊತ್ತಿತ್ತು. ಅಷ್ಟು ಮಳೆಯಲ್ಲಿ, ಅಷ್ಟು ಬಯಲಿನಲ್ಲಿ, ಸೀಮೆಎಣ್ಣೆಯ ವಾಸನೆ ಬಂದ ಹಾಗಾಯಿತು.

"ಭಾವ, ಒಳಗೆ ಗಾಳಿ ಸಿಕ್ಕೊಂಡಿದೆ! ಸಂಪಿನ ಗಾಳಿಗೆ ಹೋಗೋಕೆ ಜಾಗ ಇಲ್ಲ. ಅದು ಇದೇ ತೂತಲ್ಲಿ ಮೇಲೆ ಬರ್ತಾ ಇದೆ, ಅದಕ್ಕೇ ನೀರು ಇಳೀತಿಲ್ಲ!"

ಭಾವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಹಿತ್ತಲ ಕೊಳವೆ" ಅಂದರು. ಅಂದದ್ದೇ ಏಣಿಯ ಕಡೆ ಓಡಿದರು. ನಾನು ಹಿಂದೆ ಹೊರಟಾಗ ಕಾಲಡಿಯಲ್ಲಿ ಠಣ್ ಎಂದಿತು. ಸದ್ದು ದೊಡ್ಡದಲ್ಲ. ಉಳಿ ಹೊಡೆದಷ್ಟು. ಅಂಗಾಲಿನಿಂದ ಮಂಡಿಯವರೆಗೆ ಅದು ಹತ್ತಿ ಬಂತು.

ಕೆಳಗೆ ಆಗ ಏನಾಯಿತು ಎಂಬುದನ್ನು ಆಮೇಲೆ ಆ ಹೆಂಗಸರ ಬಾಯಿಂದ ನಾನು ಎಷ್ಟು ಸಲ ಕೇಳಿದ್ದೇನೋ. ಸದ್ದು ಅವರಿಗೂ ಕೇಳಿತ್ತು. ಯಾರೋ ಗುಡುಗು ಅಂದರು. ಅಕ್ಕ ಎದ್ದು ನಿಂತು ಕಿರುಚಿದಳಂತೆ, "ಹೊರಗೆ ನಡೀರಿ, ಎಲ್ಲಾ ಹೊರಗೆ!" ಪಕ್ಕದ ಮನೆಯವಳು ನಗುತ್ತಾ, "ಶುರುವಾಯ್ತು ನೋಡು ಇವಳ್ದು" ಅಂದಳಂತೆ. ಅಕ್ಕ ಅವಳ ಜಡೆಯನ್ನೇ ಹಿಡಿದು ಎಳೆದಳಂತೆ. ಯಾವತ್ತೂ ಏರುದನಿಯಲ್ಲಿ ಮಾತಾಡದವಳು ಜಡೆ ಹಿಡಿದು ಎಳೆದ ಮೇಲೆ ನಗು ನಿಂತು, ಒಬ್ಬರ ಹಿಂದೊಬ್ಬರು ಜಗಲಿಗೆ ಬಂದರು. ಅತ್ತೆ ಮಾತ್ರ ಕೂತ ಜಾಗದಿಂದ ಏಳಲಿಲ್ಲ.

ಏಳುವುದಾದರೂ ಹೇಗೆ? ನೊಣದ ವರ್ಷದಲ್ಲಿ ಉಳಿಸಿಕೊಂಡ ಬೆಳೆ ಅದು. ಒಂದೊಂದು ಜ್ವರದಲ್ಲೂ, ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ದಿನಗಳಲ್ಲೂ, ಮಗುವಿನ ಪಕ್ಕ ಕೂತ ಹಾಗೆ ಕೂತು ಕಾದಿದ್ದರು. ಈಗ ಅದರ ಮೇಲೆ ನೀರು ತೊಟ್ಟಿಕ್ಕುತ್ತಿದೆ; ಒದ್ದೆಯಾದರೆ ಗೂಡು ಕೆಟ್ಟಿತು. "ನೀವು ಹೋಗ್ರೇ, ನಾನಿದಷ್ಟು ಬಿಡಿಸ್ಕೊಂಡು ಬರ್ತೀನಿ" ಎಂದು ಚಂದ್ರಿಕೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಅಕ್ಕ ಬೇಡಿದಳು, ಅತ್ತಳು. "ಸತ್ರೆ ನನ್ನ ಮನೇಲೇ ಸಾಯ್ತೀನಿ, ನಿನಗೇನೇ" ಅಂದರಂತೆ.

ನಾನು ಏಣಿ ಇಳಿದು ಜಗಲಿಯ ಮೂಲೆ ತಿರುಗುವ ಹೊತ್ತಿಗೆ ಅಕ್ಕ ಬಾಗಿಲ ಪರದೆ ಎತ್ತಿ ಹಿಡಿದು ನಿಂತಿದ್ದಳು. ಒಳಗಿದ್ದ ಅತ್ತೆಯನ್ನು ನೋಡಿದಳು, ಹೊರಗಿದ್ದ ಮಂಕರಿಗಳನ್ನು ನೋಡಿದಳು. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು:

"ಅತ್ತೇ! ನೊಣ! ಗೂಡಿನ ಮಂಕರಿ ಮೇಲೆ ಊಜಿ ನೊಣ ಕೂತದೆ!"

ಅತ್ತೆ ಬಂದ ಬಿರುಸನ್ನು ನಾನು ಕಣ್ಣಾರೆ ಕಂಡೆ. ಪೊರಕೆ ಅವರ ಕೈಗೆ ಯಾವಾಗ ಬಂತೋ ಗೊತ್ತಿಲ್ಲ. ಪರದೆ ಹರಿದುಕೊಂಡು ಹೊರಗೆ ಬಂದು, "ಎಲ್ಲೇ? ಯಾವ ಮಂಕರಿ?" ಎಂದು ಸಾಲಾಗಿ ಒಂದೊಂದೇ ಬಟ್ಟೆ ಎತ್ತಿ ನೋಡಿದರು. ಅಕ್ಕ ಹಿಂದಿನಿಂದ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

ಅದೇ ಹೊತ್ತಿಗೆ ಹಿತ್ತಲಿನಲ್ಲಿ ಭಾವ ಹಾರೆಯಿಂದ ಕೊಳವೆಯ ಬಾಯಿ ಮೀಟುತ್ತಿದ್ದರು. ಜೇಡಿಮಣ್ಣು ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ಕೊನೆಗೆ ಒಂದು ಪೆಟ್ಟಿಗೆ ಗೋಣಿಯ ಮುದ್ದೆ ಹೊರಗೆ ಹಾರಿ ಅವರ ಎದೆಗೆ ಬಡಿಯಿತು. ಅದರ ಹಿಂದೆಯೇ ಬಂದ ಗಾಳಿಯ ಸದ್ದು ಜಗಲಿಗೂ ಕೇಳಿತು, ಕಟ್ಟಿದ ಉಸಿರನ್ನು ಯಾರೋ ಒಟ್ಟಿಗೇ ಬಿಟ್ಟ ಹಾಗೆ. ತಕ್ಷಣ ಗೋಡೆಯೊಳಗೆ ನೀರು ಮೊರೆಯತೊಡಗಿತು. ಬಿಕ್ಕಳಿಕೆ ಇಲ್ಲ, ತಡೆ ಇಲ್ಲ.

"ಇಳೀತಾ ಇದೆ! ನೀರು ಇಳೀತಾ ಇದೆ!" ಎಂದು ಭಾವ ಹಿತ್ತಲಿನಿಂದ ಕೂಗಿದರು. ಹೆಂಗಸರೆಲ್ಲ ಉಸ್ಸೆಂದರು. ಒಬ್ಬಳು ಸೆರಗು ಕಟ್ಟಿಕೊಂಡು ಮತ್ತೆ ಒಳಗೆ ಹೊರಟಳು. ಅಕ್ಕ ಬಾಗಿಲು ಬಿಡಲಿಲ್ಲ.

ಅತ್ತೆಗೆ ಅಷ್ಟರಲ್ಲಿ ಎಲ್ಲ ಮಂಕರಿಗಳನ್ನೂ ನೋಡಿ ಮುಗಿದಿತ್ತು. "ಎಲ್ಲೇ ನೊಣ?"

"ಇತ್ತು ಅತ್ತೆ."

"ಎಲ್ಲಿತ್ತು? ಸುಳ್ಳು ಹೇಳ್ತೀಯಾ? ನೊಣದ ಹೆಸರು ಹಿಡಿದು ಸುಳ್ಳು ಹೇಳ್ತೀಯಾ? ಬಿಡೇ ದಾರಿ, ನನ್ನ ಚಂದ್ರಿಕೆ ನೆನೀತಾ ಅದೆ."

"ಬಿಡಲ್ಲ."

"ಏನಂದೆ?"

"ಬಿಡಲ್ಲ ಅತ್ತೆ. ಹೊಡೀರಿ ಬೇಕಾದ್ರೆ."

ಅತ್ತೆ ಪೊರಕೆ ಎತ್ತಿದರು. ನಿಜವಾಗಿ ಹೊಡೆಯುತ್ತಿದ್ದರೋ ಇಲ್ಲವೋ, ದೇವರಿಗೇ ಗೊತ್ತು. ಎತ್ತಿದ ಕೈ ಹಾಗೇ ಮೇಲಿರುವಾಗ ಒಳಗೆ ಆ ಮೂಲೆಯ ಚಪ್ಪಡಿ ಎರಡಾಯಿತು. ಮೊದಲು ಬೆಳಕು ಕಂಡಿತು. ಸದ್ದು ಆಮೇಲೆ ಬಂದ ಹಾಗೆ ನನಗೆ ನೆನಪು. ಮುಚ್ಚಿ ಮುಚ್ಚಿ ಕತ್ತಲು ಮಾಡಿಟ್ಟಿದ್ದ ಆ ಮನೆಯೊಳಗೆ ಮೇಲಿನಿಂದ ಬಯಲ ಬೆಳಕು ಬಿತ್ತು. ಕಲ್ಲು, ಗಾರೆ, ಮಣ್ಣು, ಉಳಿದ ನೀರು ಒಟ್ಟಿಗೆ ಇಳಿದವು. ನೆಲ ಅದುರಿತು. ಮಣ್ಣಿನ ನೀರು ಬಾಗಿಲು ದಾಟಿ ನಮ್ಮ ಕಾಲಿನವರೆಗೂ ಹರಿದು ಬಂತು. ಅದರಲ್ಲಿ ಬಿಳಿ ಗೂಡುಗಳು ತೇಲುತ್ತಿದ್ದವು.

ಸದ್ದು ಕೇಳಿ ಭಾವ ಓಡಿ ಬಂದರು. ಎದೆಯ ತುಂಬ ಕೆಸರು. "ಅಮ್ಮಾ" ಅಂದರು, ಒಳಗಿನ ಆ ಮೂಲೆಯ ಕಡೆ ನೋಡುತ್ತಾ. ಅವರಿಗೆ ಅತ್ತೆ ಹೊರಗಿದ್ದದ್ದು ಕಾಣಲಿಲ್ಲ. ಮತ್ತೊಮ್ಮೆ "ಅಮ್ಮಾ" ಅಂದರು. ಆ ಎರಡನೆಯ ಕೂಗು ಇದ್ದದ್ದು ಹೇಗೆಂದು ನಾನು ಬರೆಯಲಾರೆ.

"ಇಲ್ಲಿದೀನಿ ಕಣೋ" ಅಂದರು ಅತ್ತೆ. ಪೊರಕೆ ಇನ್ನೂ ಕೈಯಲ್ಲೇ ಇತ್ತು.

ಚಪ್ಪಡಿ ಬಿದ್ದಿದ್ದು ಅವರು ಕೂತಿದ್ದ ಜಾಗದ ಮೇಲೆ. ಪಕ್ಕದಲ್ಲಲ್ಲ, ಅಲ್ಲೇ. ಅವರು ಎಳೆದುಕೊಂಡಿದ್ದ ಚಂದ್ರಿಕೆಯ ಬಿದಿರು ಕಲ್ಲಿನಡಿಯಿಂದ ಚೂರುಚೂರಾಗಿ ಹೊರಗೆ ಚಾಚಿತ್ತು. ಮರುದಿನ ಊರವರು ಬಂದು ಆ ಕಲ್ಲಿನ ಒಡಕನ್ನು ನೋಡಿದರು. ಒಳಗೆ ಮೊದಲಿನಿಂದಲೂ ಒಂದು ಕಪ್ಪು ಎಳೆ ಇದ್ದದ್ದು ಕಂಡಿತು. ನೀರಿನ ಭಾರ ಇಳಿಯಲು ಶುರುವಾಗಿದ್ದರೂ ಅದು ಆಗಲೇ ಸೋತಿತ್ತು. ಎಲ್ಲ ಸರಿಹೋಯಿತು ಎಂದು ನಾವು ಉಸ್ಸೆಂದ ಮೇಲೆ ಬಿತ್ತು. ನನ್ನನ್ನು ಇವತ್ತಿಗೂ ನಿದ್ದೆಯಿಂದ ಎಬ್ಬಿಸುವುದು ಆ ನಡುವಿನ ಹೊತ್ತು. ಅಕ್ಕ ಪುಕ್ಕಲಿಯಾಗಿರದಿದ್ದರೆ, ನೀರು ಇಳಿಯಿತು ಎಂಬ ಕೂಗಿಗೆ ಎಲ್ಲರ ಹಾಗೆ ಅವಳೂ ಧೈರ್ಯ ತಂದುಕೊಂಡಿದ್ದರೆ, ಬಾಗಿಲು ಬಿಟ್ಟಿದ್ದರೆ.

ಅವತ್ತು ಸಾಯಂಕಾಲ ಮಳೆ ನಿಂತು ಹಿತ್ತಲಿನಲ್ಲಿ ಬಿಸಿಲು ಸಹ ಬಂತು. ಅತ್ತೆ ಹಳೆಯ ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅಕ್ಕ ಕಾಫಿ ತಂದು ಪಕ್ಕದಲ್ಲಿಟ್ಟಳು. ಅತ್ತೆ ಲೋಟ ಮುಟ್ಟದೆ ಕೇಳಿದರು.

"ನಿಜ ಹೇಳು. ನೊಣ ನೋಡಿದ್ಯಾ?"

ಅಕ್ಕ ತಲೆ ತಗ್ಗಿಸಿದಳು. "ನೋಡಿದೆ ಅತ್ತೆ."

"ದೊಡ್ಡದಾ?"

"ದೊಡ್ಡದೇ."

"ಹೂಂ. ದೊಡ್ಡದೇ ಇರ್ಬೇಕು" ಅಂದರು ಅತ್ತೆ. ಆಮೇಲೆ ಕಾಫಿಯನ್ನು ಅರ್ಧ ಕುಡಿದು, ಉಳಿದದ್ದನ್ನು ಅಕ್ಕನ ಕೈಗೆ ಕೊಟ್ಟು, "ನೀನೂ ಕುಡಿ, ಕೈ ನಡುಗ್ತಾ ಅದೆ" ಅಂದರು. ಆ ಮನೆಯಲ್ಲಿ ಅತ್ತೆ ಯಾರ ಜೊತೆಗೂ ಲೋಟ ಹಂಚಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮುಂದಿನ ಸಲ ನಮ್ಮಮ್ಮ ಹೋದಾಗ, "ನಿಮ್ಮೂರ ಕಲ್ಲು ಒಡೆದುಹೋಯ್ತು ಕಣಮ್ಮಾ. ಹೆಣ್ಣು ಒಡೀಲಿಲ್ಲ" ಅಂದರಂತೆ. ಅಮ್ಮ ಅದನ್ನು ನನಗೆ ಹೇಳುವಾಗ ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅಕ್ಕನನ್ನು ಪುಕ್ಕಲಿ ಎಂದು ಆ ಬೀದಿಯಲ್ಲಿ ಮತ್ತೆ ಯಾರೂ ಕರೆಯಲಿಲ್ಲ ಎಂದರೆ ಸುಳ್ಳಾದೀತು. ಕರೆಯುತ್ತಿದ್ದರು. ಜಡೆ ಎಳೆಸಿಕೊಂಡವಳೇ ಹೆಚ್ಚು ಕರೆಯುತ್ತಿದ್ದಳು. ಆದರೆ ಅಕ್ಕ ಚಾವಣಿ ನೋಡಿದರೆ ಅವಳೂ ಮೇಲೆ ನೋಡುತ್ತಿದ್ದಳು. ಅಕ್ಕನಿಗೆ ಇಂದಿಗೂ ಹಲ್ಲಿ ಕಂಡರೆ ಆಗದು. ಅವಳು ಬೆಚ್ಚಿದಾಗಲೆಲ್ಲ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಬೀಳುವ ಮೊದಲು ಠಣ್ ಎಂದು ಕೂಗಿ ಹೇಳಿದ ಆ ಕಲ್ಲಿಗೂ, ಅತ್ತೆಯನ್ನು ಹೊರಗೆ ಎಳೆದು ತಂದ, ಅಲ್ಲಿ ಇಲ್ಲದೇ ಇದ್ದ ಆ ನೊಣಕ್ಕೂ ನಾನು ಋಣಿ. ಆಲಿಕೆ ಒತ್ತಿ ಹಿಡಿದದ್ದಕ್ಕೆ ಅಮ್ಮನಿಂದ ತಿಂದ ಬೈಗುಳಕ್ಕೂ.

ಭಾವ ತಾರಸಿಗೆ ಬೇರೆ ಚಪ್ಪಡಿ ಹಾಕಿಸಿದರು. ಗಿಡ್ಡ ಗೋಡೆಯ ಬುಡದಲ್ಲಿ ನೀರು ನೇರವಾಗಿ ಹೊರಕ್ಕೆ ಬೀಳುವ ತೂತುಗಳನ್ನು ಬಿಡಿಸಿದರು. ಪೋಲಾದರೆ ಆಗಲಿ ಅಂದರು. ಹಳೆಯ ಮನೆಯ ಮಾಡಿನ ನೀರನ್ನು ಬೀದಿಗೇ ತಿರುಗಿಸಿದರು. ಆದರೆ ನೊಣದ ಭಯ ಹಾಗೇ ಇತ್ತಲ್ಲ. ಹಿತ್ತಲಿನ ಬಾಗಿದ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದರು: ಗಾಳಿ ಹೋಗಬೇಕು, ನೊಣ ಬರಬಾರದು. ಕರುವನ್ನು ಬೇರೆ ಗೂಟಕ್ಕೆ ಕಟ್ಟಿದರು.

ಅದಾದ ಮೇಲೆ ನಾನು ಅಲ್ಲಿಗೆ ಎಷ್ಟೋ ಮಳೆಗಾಲಗಳಲ್ಲಿ ಹೋಗಿದ್ದೇನೆ. ಮಳೆ ಜೋರಾದರೆ ಅತ್ತೆ ಕೆಲಸ ಬಿಟ್ಟು, ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಬಗ್ಗಿ, ಆ ಕೊಳವೆಯ ಬಲೆಯ ಮುಂದೆ ಅಂಗೈ ಒಡ್ಡಿ, ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವ ಹಾಗೆ ಸುಮ್ಮನೆ ನಿಲ್ಲುತ್ತಿದ್ದರು. ಹುಳದ ಮನೆಯೊಳಗೆ ಚಂದ್ರಿಕೆಯ ಮುಂದೆ ಕೂತ ಅಕ್ಕ ಕೈ ನಿಲ್ಲಿಸಿ ಕಾಯುತ್ತಿದ್ದಳು, ಅವಳ ಜೊತೆ ಉಳಿದವರೂ ಕಾಯುತ್ತಿದ್ದರು.

"ಬರ್ತಾ ಅದೆ ಕಣೇ" ಎಂದು ಅತ್ತೆ ಹಿತ್ತಲಿನಿಂದ ಕೂಗಿದ ಮೇಲೆ ಎಲ್ಲರೂ ಮತ್ತೆ ಗೂಡು ಬಿಡಿಸುತ್ತಿದ್ದರು.